ನಲವತ್ತೇಳು ಅಂಕದ ಗೋಡೆ

ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿ ಗೋಡೆಯ ಹೆಸರಿನ ಮುಂದೆ ನಲವತ್ತೇಳು ಎಂದು ಬರೆದಿತ್ತು. ರಗಳೆ ಶುರುವಾದದ್ದೇ ಅಲ್ಲಿಂದ.

ಗೋಡೆ ಎಂದರೆ ಇಟ್ಟಿಗೆ ಗಾರೆಯದಲ್ಲ. ಹಗಲು ಲಿಫ್ಟ್ ರಿಪೇರಿ ಮಾಡಿ, ಸಂಜೆ ಬಡಾವಣೆಯ ಹಾಕಿ ತಂಡದಲ್ಲಿ ಫುಲ್‌ಬ್ಯಾಕ್ ಆಡುವ ಮನುಷ್ಯ. ಒಂಬತ್ತು ವರ್ಷಗಳಿಂದ ಎದುರಾಳಿಗಳ ಚೆಂಡು, ಸ್ಟಿಕ್, ಕೆಲವೊಮ್ಮೆ ತಲೆಯನ್ನೂ ಮೊಣಕಾಲಿನಲ್ಲೇ ತಡೆದು ಸಂಪಾದಿಸಿದ ಹೆಸರು ಅದು. ಹೆಂಡತಿಯೂ ಆಗಾಗ ಹಾಗೇ ಕರೆಯುತ್ತಿದ್ದಳು. ಹೇಳಿದ ಮಾತು ಕಿವಿಗೆ ಹೋಗುವುದಿಲ್ಲ ಎಂಬುದು ಅವಳ ಕಾರಣ.

ಈ ಒಂಬತ್ತು ವರ್ಷದಲ್ಲಿ ತಂಡ ಮೊದಲ ಸಲ ಫೈನಲ್ ಮುಟ್ಟಿತ್ತು. ಪಂದ್ಯ ನಾಳೆ. ಆಟ ಆಟ ಅಂತ ಅಲೆಯುವವನಿಗೆ ತಂಗಿಯನ್ನು ಕೊಟ್ಟು ಕೆಟ್ಟೆ ಎಂದು ಗೊಣಗುತ್ತಲೇ ಬಂದಿದ್ದ ಭಾವ, ಒಂದು ಸಲ ನೋಡಿಯೇ ಬಿಡೋಣವೆಂದು ಬರಲು ಒಪ್ಪಿದ್ದರು. ಅಂಥ ಪಂದ್ಯದ ಹನ್ನೊಂದು ಜನರ ಪಟ್ಟಿಯಲ್ಲಿ ಗೋಡೆ ಇರಲಿಲ್ಲ. ಕೆಳಗಡೆ, ಬೆಂಚಿನವರ ಸಾಲಿನಲ್ಲೂ ಇರಲಿಲ್ಲ. ಅದಕ್ಕೂ ಕೆಳಗೆ, ನಲವತ್ತೇಳರ ಜೊತೆ ಒಂಟಿಯಾಗಿ ನಿಂತಿದ್ದ.

ಹಳೆಯ ಕೋಚ್ ಆಟಗಾರರನ್ನು ನೋಡುತ್ತಿದ್ದರು. ಮೂರು ತಿಂಗಳ ಹಿಂದೆ ಬಂದ ಹೊಸ ಕೋಚ್ ಲ್ಯಾಪ್‌ಟಾಪ್ ನೋಡುತ್ತಿದ್ದರು. ಅದರಲ್ಲೊಂದು ಆಟ, ಹಾಕಿ ಆಡುವ ಆಟವಲ್ಲ, ಹಾಕಿ ಕ್ಲಬ್ ನಡೆಸುವ ಆಟ. ಪ್ರತಿ ಆಟಗಾರನ ವೇಗ, ಚಳಕ, ಶಕ್ತಿಗೆ ಅಂಕಗಳಿರುತ್ತವೆ, ದಿನ ಕಳೆದಂತೆ ಏರುತ್ತವೆ, ಇಳಿಯುತ್ತವೆ. ಕೋಚ್ ಅದರಲ್ಲಿ ಹದಿನಾಲ್ಕು ಸಲ ಕಪ್ ಗೆದ್ದಿದ್ದರು. ಮೈದಾನದಲ್ಲಿ ಅವರು ಸ್ಟಿಕ್ ಹಿಡಿದದ್ದನ್ನು ಕಂಡವರಿರಲಿಲ್ಲ. ಬಂದ ವಾರವೇ ಕ್ಲಬ್ಬಿನ ಅಷ್ಟೂ ಜನರನ್ನು ಆ ಆಟದೊಳಗೆ ತುಂಬಿಸಿ, ಅದು ಹೇಳಿದಂತೆ ತಂಡ ಕಟ್ಟತೊಡಗಿದ್ದರು.

ಗೋಡೆ ಟೂಲ್ ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಕೋಚ್ ಎದುರು ಹೋಗಿ ನಿಂತ. ಕೋಚ್ ಶಾಂತವಾಗಿ ವಿವರಿಸಿದರು. ಮೂವತ್ತು ದಾಟಿದವರ ವೇಗ ತಾನಾಗಿ ಇಳಿಯುತ್ತದೆ. ಪಂದ್ಯ ಆಡಿದರೆ ಅನುಭವದ ಅಂಕ ಸೇರಿ ಸರಿದೂಗುತ್ತದೆ. ಆಡದಿದ್ದರೆ ಇಳಿಜಾರೇ.

"ನನ್ನನ್ನ ಆಡಿಸ್ಲೇ ಇಲ್ಲವಲ್ಲ ಸಾರ್. ಮೂವತ್ತೊಂದು ತುಂಬಿದ ದಿನದಿಂದ ಬೆಂಚಲ್ಲೇ ಕೂರಿಸಿದ್ದೀರಿ."

"ಅದಕ್ಕೇ ಅಂಕ ಇಳಿದಿರೋದು."

"ಅಂಕ ಇಳೀತು ಅಂತ ತಾನೇ ನೀವು ಕೂರಿಸಿದ್ದು?"

"ಹೌದು. ಲೆಕ್ಕ ಸರಿಯಾಗೇ ಇದೆಯಲ್ಲ," ಎಂದು ಕೋಚ್ ಸಮಾಧಾನದಿಂದ ತಲೆಯಾಡಿಸಿದರು.

ಗೋಡೆಗೆ ಮೈಯೆಲ್ಲ ಉರಿಯಿತು. ಹೊಟ್ಟೆಗೆ ಹಾಕದೆ ಸೊರಗಿಸಿ, ಸೊರಗಿದ್ದೀಯ ಅಂತ ಊಟಕ್ಕೆ ಕರೆಯದಿರುವುದು ಯಾವ ನ್ಯಾಯ? ಆದರೆ ಲ್ಯಾಪ್‌ಟಾಪಿನ ಜೊತೆ ಜಗಳವಾಡಿ ಗೆದ್ದವರುಂಟೇ. ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಹೊರಟ.

ಆ ದಿನ ಕೆಲಸವಿದ್ದದ್ದು ನಾಲ್ಕು ಮಹಡಿಯ ಒಂದು ಕಟ್ಟಡದಲ್ಲಿ. ಅಲ್ಲಿನ ಲಿಫ್ಟ್ ಎರಡು ದಿನದಿಂದ ಎರಡನೇ ಮಹಡಿಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಗೋಡೆ ನಟ್ಟು ಬಿಚ್ಚುತ್ತಾ ತನ್ನಷ್ಟಕ್ಕೇ ಬೈದುಕೊಳ್ಳುವುದನ್ನು ಕೇಳಿ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಇಳಿದು ಬಂದರು. ಅವರ ಹಿಂದೆಯೇ ಉಳಿದವರೂ ಬಂದರು. ಲಿಫ್ಟಿಲ್ಲದೆ ಏದುಸಿರು ಬಿಡುತ್ತಿದ್ದರೂ, ಇನ್ನೊಬ್ಬರ ಕಷ್ಟ ಕೇಳಲು ಮೆಟ್ಟಿಲು ಹತ್ತಿಳಿಯುವುದಕ್ಕೆ ಯಾರಿಗೂ ಬೇಸರವಿರಲಿಲ್ಲ. ಎಲ್ಲ ಕೇಳಿದ ಮೇಲೆ, ವೇಗ ತಾನೇ ಕಡಿಮೆಯಾಗಿರುವುದು, ಮೆಟ್ಟಿಲು ಓಡಿದರೆ ಬರುತ್ತದೆ ಎಂದು ಮೇಷ್ಟ್ರು ತೀರ್ಪು ಕೊಟ್ಟು, ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದರು.

ಸಿಟ್ಟಿನಲ್ಲಿ ಬುದ್ಧಿ ಎಲ್ಲಿರುತ್ತದೆ? ಗೋಡೆ ಟೂಲ್ ಬ್ಯಾಗ್ ಸಮೇತ ಓಡಿದ. ಆರು ಸುತ್ತು ಚೆನ್ನಾಗಿಯೇ ಆಯಿತು. ಏಳನೆಯದರಲ್ಲಿ, ಯಾರೋ ಆಗಷ್ಟೇ ಒರೆಸಿದ್ದ ಮೆಟ್ಟಿಲಿನ ಮೇಲೆ ಕಾಲು ಜಾರಿತು. ಬ್ಯಾಗಿನ ಜಿಪ್ ಕಿತ್ತು, ಸ್ಪ್ಯಾನರು, ಸ್ಕ್ರೂ, ನಟ್ಟು, ಬೋಲ್ಟುಗಳೆಲ್ಲ ಎರಡು ಮಹಡಿ ಉದ್ದಕ್ಕೂ ಝಣಝಣ ಇಳಿದು ಹೋದವು. ಹಿಂದೆಯೇ ಗೋಡೆಯೂ ಕುಂಡೆಯ ಮೇಲೆ ಇಳಿದ.

ಕೆಳಮನೆಯ ಅಜ್ಜಿ ಬಾಗಿಲಿಗೆ ಬಂದು ಬಿದ್ದ ಒಂದು ನಟ್ಟನ್ನು ಎತ್ತಿ ಕೊಟ್ಟರು. "ಎರಡು ದಿನ ಆಯ್ತು, ಲಿಫ್ಟ್ ಮೇಲೇಳಲಿಲ್ಲ. ನಲವತ್ತೇಳು ಕೊಟ್ಟೋರು ಧಾರಾಳಿಗಳೇ ಇರಬೇಕು ಬಿಡಪ್ಪ," ಎಂದರು.

ಮೇಷ್ಟ್ರಿಗೆ ಆಗ ಇನ್ನೊಂದು ಹೊಳೆಯಿತು. ಇಲ್ಲಿ ಎಷ್ಟು ಓಡಿದರೇನು, ಆ ಆಟದೊಳಗೆ ಯಾರೂ ಬರೆಯದಿದ್ದರೆ ಓಡಿಲ್ಲ ಎಂದೇ ಲೆಕ್ಕ. ಅದರಲ್ಲಿ ಬರೆಯುವವರು ಯಾರು ಎಂದು ಕೇಳಿದರು. ಗೋಡೆ ಸೊಂಟ ಹಿಡಿದುಕೊಂಡೇ ಎದ್ದ. ಕೋಚ್ ಹೇಳಿದ್ದನ್ನೆಲ್ಲ ಅದರಲ್ಲಿ ಟೈಪ್ ಮಾಡಿಕೊಟ್ಟವನು ಮೈದಾನದ ಎದುರಿನ ಜೆರಾಕ್ಸ್ ಅಂಗಡಿಯವನು. ಇದು ಬೆಳಿಗ್ಗೆಯೇ ಯಾಕೆ ತಲೆಗೆ ಬರಲಿಲ್ಲವೋ.

ಜೆರಾಕ್ಸಿನವನು ಕೋಚ್ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಅದೇ ಆಟವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ಗೋಡೆಗೆ ಗೋಡೆಯನ್ನೇ ತೋರಿಸಿದ. ವಯಸ್ಸು ಮೂವತ್ತೊಂದು. ವೇಗ ಮೂವತ್ತೆಂಟು. ಕೆಳಗಿನ ಸಾಲು: ಮುಂದಿನ ಬೆಳವಣಿಗೆ ಇಲ್ಲ.

ನಲವತ್ತೇಳನ್ನಾದರೂ ನುಂಗಿಕೊಳ್ಳಬಹುದಿತ್ತು. ಈ ಸಾಲು ಗಂಟಲಲ್ಲಿ ಇಳಿಯಲಿಲ್ಲ. ಬದುಕಿರುವ ಮನುಷ್ಯನಿಗೆ, ಅದೂ ಮುಖಕ್ಕೇ, ಇನ್ನು ನೀನು ಇಷ್ಟೇ ಎಂದು ಹೇಳಲು ಇವರು ಯಾರು? ಎಂಬತ್ತು ಹಾಕು ಎಂದು ಗೋಡೆ ಮೇಜು ಗುದ್ದಿದ.

ಅಂಕಕ್ಕೆ ಕೋಚ್ ಬೀಗ ಹಾಕಿದ್ದಾರೆ, ನನ್ನ ಕೈಲಾಗದು ಎಂದ ಜೆರಾಕ್ಸಿನವನು. ಆಮೇಲೆ ಗಲ್ಲ ಕೆರೆದುಕೊಂಡ. ದಿನವಿಡೀ ಜನರ ಅರ್ಜಿಗಳಲ್ಲಿ ಹುಟ್ಟಿದ ತಾರೀಕು ತಿದ್ದಿಸಿಕೊಡುವುದೇ ಅವನ ಕಸುಬು. "ವಯಸ್ಸಿಗೆ ಬೀಗ ಇಲ್ಲ ಕಣಣ್ಣ. ಟೈಪ್ ಮಾಡೋವಾಗ ತಪ್ಪಾಗಿರ್ಬೋದಲ್ವಾ?"

ಇದು ಮೋಸವಲ್ಲವೇ ಎಂದು ಗೋಡೆಯ ಒಳಮನಸ್ಸು ಒಂದು ಸಲ ಕೆಮ್ಮಿತು. ಆಡಲು ಬಿಡದೆಯೇ ಇವನ ಕೈಲಾಗದು ಎಂದವರದ್ದು ಮೋಸವಲ್ಲವೇ ಎಂದು ಅವನೇ ಅದರ ಬಾಯಿ ಮುಚ್ಚಿಸಿದ. ಎಷ್ಟು ಇಳಿಸಲಿ ಎಂದು ಕೇಳಿದಾಗ, ಕೈಯಿಟ್ಟ ಮೇಲೆ ಕಂಜೂಸಿತನ ಯಾಕೆಂದು ಹನ್ನೆರಡು ವರ್ಷ ಇಳಿಸಲು ಹೇಳಿದ. ಗೋಡೆಗೆ ಹತ್ತೊಂಬತ್ತು ತುಂಬಿತು. ತಕ್ಷಣ ಕೆಳಗಿನ ಸಾಲು ಬದಲಾಯಿತು: ಮುಂದೆ ಮುಟ್ಟಬಹುದಾದ ಅಂಕ ತೊಂಬತ್ತೊಂದು. ಪಕ್ಕದಲ್ಲಿ ಐದು ನಕ್ಷತ್ರ. ಗೋಡೆಯ ಕಣ್ಣು ತುಂಬಿ ಬಂತು. ಒಂಬತ್ತು ವರ್ಷದಲ್ಲಿ ಅವನನ್ನು ಯಾರೂ ಅಷ್ಟು ಹೊಗಳಿರಲಿಲ್ಲ.

ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ, ಭಾವನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿಯಲು ಹೇಳಿದ. ನಿಜವಾಗ್ಲೂ ಆಡ್ತೀರಾ ಎಂದು ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಹೂಂ ಎಂದ.

ಸಂಜೆ ಮೈದಾನಕ್ಕೆ ಕಾಲಿಡುತ್ತಿದ್ದಂತೆ ಕೋಚ್ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಓಡಿ ಬಂದರು. ಕಣ್ಣು ಮಿನುಗುತ್ತಿತ್ತು.

"ಕ್ಷಮಿಸಪ್ಪ. ನಿನ್ನಂಥವನನ್ನ ಇಟ್ಕೊಂಡು ನಾನು ಕುರುಡನ ಥರ ಇದ್ದೆ."

ಪರವಾಗಿಲ್ಲ ಬಿಡಿ ಸಾರ್ ಎಂದು ಗೋಡೆ ಉದಾರವಾಗಿ ನಕ್ಕು, ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ.

"ನಾಳೆ ಬರ್ಬೇಡ. ಹತ್ತೊಂಬತ್ತರ ಹುಡುಗನನ್ನ ಫೈನಲ್‌ನಲ್ಲಿ ಇಳಿಸಿ ಸೋತರೆ ಆತ್ಮವಿಶ್ವಾಸ ಕುಸಿಯುತ್ತೆ. ಬೆಳವಣಿಗೆ ಅಲ್ಲಿಗೇ ನಿಂತು ಹೋಗುತ್ತೆ. ಆಟದಲ್ಲಿ ಇಂಥ ಎಷ್ಟು ಹುಡುಗರನ್ನ ಆತುರಪಟ್ಟು ಹಾಳು ಮಾಡಿದೀನಿ ಅಂತ ನನಗೇ ಗೊತ್ತು. ಸೋಮವಾರದಿಂದ ಕಿರಿಯರ ತಂಡಕ್ಕೆ ಬಾ. ಮೂರು ವರ್ಷ ಬರೀ ಅಭ್ಯಾಸ."

ಗೋಡೆ ಬೋಳಾಗುತ್ತಿದ್ದ ತನ್ನ ತಲೆಯನ್ನು ಬಗ್ಗಿಸಿ ತೋರಿಸಿದ. ಮುಖ ನೋಡಿ ಸಾರ್, ನಾನು ಹತ್ತೊಂಬತ್ತರ ಥರ ಕಾಣ್ತೀನಾ ಎಂದ. ಕೋಚ್ ಒಮ್ಮೆ ತಲೆಯನ್ನೂ ಒಮ್ಮೆ ಪರದೆಯನ್ನೂ ನೋಡಿ, ಪರದೆಯನ್ನೇ ನಂಬಿದರು. ವಯಸ್ಸು ತಪ್ಪಾಗಿದ್ದರೆ ಬರೆದು ಕೊಡಲಿ, ಆದರೆ ವಯಸ್ಸು ತಿದ್ದಿದವರಿಗೆ ಕ್ಲಬ್ಬಿನಲ್ಲಿ ಐದು ವರ್ಷ ನಿಷೇಧವಿದೆ ಎಂದು ನೆನಪಿಸಿದರು. ಅತ್ತ ದರಿ, ಇತ್ತ ಪುಲಿ. ಗೋಡೆ ಬೆರಳು ಮಡಿಸಿ ಲೆಕ್ಕ ಹಾಕಿದ.

"ಮೂರು ವರ್ಷ ಆದ್ಮೇಲೆ ನನಗೆ ಮೂವತ್ನಾಲ್ಕಾಗುತ್ತೆ ಸಾರ್."

ಕೋಚ್ ಅವನ ಬೆನ್ನು ತಟ್ಟಿದರು. "ಎಲ್ಲಪ್ಪ, ಬರೀ ಇಪ್ಪತ್ತೆರಡು. ಹೋಗು, ಹುಡುಗರ ಸಾಲಲ್ಲಿ ನಿಂತ್ಕೋ."