ಹೆಬ್ಬೆಟ್ಟಿನ ಟಂಕಸಾಲೆ

ಸರಕಾರ ರೊಕ್ಕಕ್ಕೆ ಕೈ ಹಾಕಿದಾಗಲೆಲ್ಲ ನಮ್ಮ ಸೀಮೆಯಲ್ಲಿ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತಿತ್ತು. ಸಿಟ್ಟು ಬಂದವರಿಗೆ ಕೂಗಾಡಲು ಬಿಡುತ್ತಿರಲಿಲ್ಲ, ಅದಕ್ಕೇ ನಗುತ್ತಿದ್ದರು. ನಿಜಾಮರ ಕಾಲ, ದೊಡ್ಡ ಯುದ್ಧದ ವರ್ಷಗಳು. ನಾನು ಲಿಂಗಸುಗೂರಿನ ಕಚೇರಿಯಲ್ಲಿ ತರ್ಜುಮೆಯ ಗುಮಾಸ್ತ. ಸಾಹೇಬರ ಉರ್ದುವನ್ನು ಜನರಿಗೆ ಕನ್ನಡದಲ್ಲಿ, ಜನರ ಕನ್ನಡವನ್ನು ಸಾಹೇಬರಿಗೆ ಉರ್ದುವಿನಲ್ಲಿ ಹೇಳುವುದು ನನ್ನ ಕೆಲಸ. ಎರಡೂ ಕಡೆಯ ಬೈಗುಳ ಮೊದಲು ಬೀಳುತ್ತಿದ್ದುದು ನನ್ನ ಕಿವಿಗೆ. ಜನರ ಬೈಗುಳಕ್ಕೆ ಸಕ್ಕರೆ ಹಚ್ಚಿ ದಾಟಿಸುತ್ತಿದ್ದೆ. ಇವತ್ತು ಹಚ್ಚುವುದಿಲ್ಲ.

ಮಧ್ಯಾಹ್ನದ ಊಟ ಕಚೇರಿಯ ಎದುರಿನ ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದವಳು ಗಂಡ ತೀರಿಕೊಂಡಿದ್ದ ಹೆಂಗಸು, ನಮಗೆಲ್ಲ ಅಕ್ಕ. ಆ ಒಲೆ ಆರಿದರೆ ಆಕೆ ಮುದಗಲ್ಲಿಗೆ ಹೋಗಿ ಅಣ್ಣನ ಹೆಂಡತಿಯ ಕೈಕೆಳಗೆ ಬಾಳಬೇಕಿತ್ತು. "ಆಕಿ ನೀಡಿದ್ದು ಉಣ್ಣೂದಕ್ಕಿಂತ ಉಪಾಸ ಚಲೋ" ಎನ್ನುತ್ತಿದ್ದಳು. ಸರಕಾರ ಆ ಒಲೆಗೆ ನೀರು ಸುರಿಯಲು ಬಂದದ್ದನ್ನು ಕೊನೆಗೆ ಹೇಳುತ್ತೇನೆ. ಮೊದಲು ಸಣ್ಣ ಸಿಟ್ಟುಗಳು.

ಕಳ್ಳದಾರಿ

ನಮ್ಮದು ನಿಜಾಮರ ರೊಕ್ಕ, ಹಾಲಿ ಸಿಕ್ಕಾ. ಹೊಳೆಯಾಚೆ ಇಂಗ್ಲಿಷರ ಸೀಮೆ, ಅಲ್ಲಿನ ರೂಪಾಯಿಯ ಹೆಸರು ಕಲ್ದಾರ್. ಒಂದು ಕಲ್ದಾರ್ ಬೇಕೆಂದರೆ ನಮ್ಮದು ಒಂದು ರೂಪಾಯಿ ಕೊಟ್ಟು ಮೇಲೆ ಎರಡಾಣೆಗೂ ಹೆಚ್ಚು ಕೊಡಬೇಕು. ಒಂದೇ ಹೊಳೆಯ ನೀರು ಕುಡಿಯುವ ಜನಕ್ಕೆ ಎರಡು ರೊಕ್ಕ!

ಒಮ್ಮೆ ಏನೋ ಕೆಲಸಕ್ಕೆ ಹೋದವನು ದಢೇಸುಗೂರಿನ ಸುಂಕದ ನಾಕಾದಲ್ಲಿ ಕುಳಿತಿದ್ದೆ. ಆಚೆ ದಂಡೆಯ ಸಂತೆಯಲ್ಲಿ ಟಗರು ಮಾರಿದ ಮುದುಕನೊಬ್ಬ ಹರಗೋಲಿನಿಂದ ಇಳಿದು ಬಂದ. ನಾಕಾದ ಜಮಾದಾರ ಹೈದರಾಬಾದಿನಿಂದ ಹೊಸದಾಗಿ ಬಂದವನು, ಕನ್ನಡದ ಗಾಳಿಯೂ ತಾಗದವನು.

"ಕಲ್ದಾರ್ ಹೈ ಕ್ಯಾ?" ಎಂದು ಗದರಿದ.

ಮುದುಕ ಬೆವೆತುಹೋದ. "ಇಲ್ರೀ ಸಾಹೇಬ್ರ! ನಾ ಯಾಕ ಕಳ್ಳದಾರ್ಯಾಗ ಬರ್ಲಿ? ಎಲ್ಲಾರ ಕೂಡ ಹರಗೋಲದಾಗ ಕುಂತು ಬಂದೀನಿ."

ಕೇಳುತ್ತಿರುವುದು ದಾರಿಯನ್ನಲ್ಲ, ರೊಕ್ಕವನ್ನು ಎಂದು ನಾನು ತಿಳಿಸಿದೆ. ಪಾಪ, ಮುದುಕ ಸೊಂಟದ ಚೀಲ ಬಿಚ್ಚಿ ಕಲ್ದಾರುಗಳನ್ನು ಮೇಜಿನ ಮೇಲೆ ಇಟ್ಟ. ಜಮಾದಾರ ಅವನ್ನು ತನ್ನ ಜೇಬಿಗೆ ಹಾಕಿಕೊಂಡು, ಅಷ್ಟೇ ಹಾಲಿ ರೂಪಾಯಿಗಳನ್ನು ಎಣಿಸಿ ಕೊಟ್ಟ. ರೂಪಾಯಿಗೆ ರೂಪಾಯಿ, ಲೆಕ್ಕ ಸರಿಯಾಯಿತಂತೆ. ಮೇಲಿನ ಆಣೆಗಳ ಮಾತೇ ಇಲ್ಲ. ಹಗಲುಹೊತ್ತಿನಲ್ಲಿ, ಸರಕಾರದ ನಿಶಾನೆಯ ಕೆಳಗೆ!

ಮುದುಕ ಜಮಾದಾರನನ್ನೇ ನೋಡಿ ನನಗೆ ಹೇಳಿದ, "ತಮ್ಮಾ, ಕಳ್ಳದಾರಿ ಅಂದ್ರ ಯಾವುದು ಅಂತ ಈಗ ತಿಳೀತು. ಖುರ್ಚಿ ಹಾಕ್ಕೊಂಡು ಇಲ್ಲೇ ಕುಂತೈತಿ."

"ಏನಂತೆ?" ಎಂದು ಜಮಾದಾರ ನನ್ನನ್ನು ಕೇಳಿದ.

"ಹುಜೂರರ ನ್ಯಾಯವನ್ನು ಬಹಳ ಮೆಚ್ಚಿಕೊಂಡಿದ್ದಾನೆ" ಎಂದೆ. ಜಮಾದಾರ ಮೀಸೆ ತಿರುವಿದ.

ಸರಕಾರಿ ತೂತು

ಯುದ್ಧಕ್ಕೆ ತಾಮ್ರ ಬೇಕಾಯಿತು. ಸರಕಾರ ಪೈಸೆಯ ನಡುವೆ ತೂತು ಕೊರೆದು ಆ ಚೂರನ್ನೂ ಬಿಡದೆ ಉಳಿಸಿಕೊಂಡಿತು. ಸಿಂಧನೂರಿನಲ್ಲಿ ಡಂಗುರ ಹೊಡೆಸಿದರು: ತೂತಿನ ಪೈಸೆ ಬೇಡ ಎಂದವರಿಗೆ ಸಜಾ.

ಅದೇ ವಾರ ಅಲ್ಲಿಯ ಕಚೇರಿಗೆ ಹೆಣ್ಣುಮಗಳೊಬ್ಬಳು ಹೊಲದ ಕಂದಾಯದ ಪಟ್ಟಿ ಕಟ್ಟಲು ಬಂದಳು. ತಂದದ್ದು ಒಂದು ಬೆಳ್ಳಿ ರೂಪಾಯಿ. ಮಗಳ ಕೊರಳಿನ ದಾರದಿಂದ ಬಿಚ್ಚಿ ತಂದಿದ್ದಳು, ಅಂಚಿಗೆ ಸಣ್ಣ ತೂತಿತ್ತು. ಕಟ್ಟಿಸಿಕೊಳ್ಳುವ ಗುಮಾಸ್ತ ಅದನ್ನು ಬೆರಳ ತುದಿಯಿಂದ ಆಚೆ ತಳ್ಳಿದ.

"ತೂತು ಬಿದ್ದದ್ದು ನಡಿಯಂಗಿಲ್ಲ."

"ಮೊನ್ನಿ ಡಂಗುರ ಹೊಡದವ ತೂತಿಂದೇ ನಡಿತೈತಿ ಅಂದಾನಲ್ರೀ?"

"ಅದು ಸರಕಾರಿ ತೂತು, ಯವ್ವಾ."

"ಹಂಗಾರ ನಂದೂ ಸರಕಾರಿದೇ ಬರಕೋರಿ. ನೀವು ಪಟ್ಟಿ ಏರಿಸಿದ್ದಕ್ಕೇ ಅಲ್ಲೇನು ನನ್ನ ಮಗಳ ಕೊರಳು ಖಾಲಿ ಆಗಿದ್ದು? ಇಷ್ಟು ದೊಡ್ಡ ತೂತು ನಮ್ಮ ಮನ್ಯಾಗ ಮತ್ಯಾರು ಹಾಕ್ಯಾರ?"

ತುಟ್ಟಿ ಜೋಳ

ಮಸ್ಕಿಯಲ್ಲಿ ಲೆವಿ. ಬೆಳೆದ ಜೋಳದಲ್ಲಿ ಇಷ್ಟು ಪಾಲು ಸರಕಾರ ಹೇಳಿದ ದರಕ್ಕೇ ಸರಕಾರಕ್ಕೆ ಅಳೆಯಬೇಕು. ಮನೆಯಲ್ಲಿ ಉಣ್ಣುವ ಬಾಯಿ ಎಷ್ಟಿವೆ ಎಂದು ಕೇಳುವವರಿಲ್ಲ. ಅಳೆದುಕೊಟ್ಟ ರೈತನೊಬ್ಬ ಕೆಲವು ವಾರಗಳಲ್ಲೇ ರೇಶನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ. ಅವನು ಕೊಟ್ಟ ಚೀಲವೇ ಅಲ್ಲಿತ್ತು, ಅವನ ಹೆಂಡತಿ ಹಾಕಿದ ಕೆಂಪು ತೇಪೆಯ ಸಮೇತ. ದರ ಮಾತ್ರ ಹೆಚ್ಚೂಕಡಿಮೆ ಇಮ್ಮಡಿ.

"ಇದು ನಂದೇ ಜೋಳ. ಇಷ್ಟು ತುಟ್ಟಿ ಹ್ಯಾಂಗಾತು?"

"ಸರಕಾರದ ಗೋದಾಮಿನಾಗ ಇಟ್ಟ ಖರ್ಚು ಬರೂದಿಲ್ಲೇನು?" ಎಂದ ಅಂಗಡಿಯವನು.

ರೈತ ತಲೆಯ ರುಮಾಲು ತೆಗೆದು ಚೀಲದ ಪಕ್ಕದಲ್ಲೇ ಕುಳಿತುಬಿಟ್ಟ. "ನನ್ನೂ ಗೋದಾಮಿನಾಗ ಇಡ್ರಿ. ನಾನೂ ಒಂದೀಟು ತುಟ್ಟಿ ಆಗಿ ಮನಿಗೆ ಹೋಗ್ತೀನಿ."

ಹೆಬ್ಬೆಟ್ಟು

ಈಗ ಅಕ್ಕನ ಕಥೆ. ಇದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಯುದ್ಧ ಬಲಿತಂತೆ ಚಿಲ್ಲರೆ ಮಾಯವಾಯಿತು. ಸಂಬಳವೆಲ್ಲ ನೋಟಿನಲ್ಲೇ. ಊಟ ಮಾಡಿ ನೋಟು ಕೊಟ್ಟರೆ ಮುರಿಸಿ ಕೊಡಲು ಅಕ್ಕನ ಹತ್ತಿರ ಆಣೆ ಇಲ್ಲ. ಉದ್ರಿ ಬರೆದಿಡೋಣವೆಂದರೆ ಆಕೆಗೆ ಬರಹ ಬಾರದು. ಒಂದು ದಿನ ಕುಂಬಾರನಿಂದ ಹಸಿಮಣ್ಣು ತರಿಸಿದಳು. ಬಿಲ್ಲೆ ತಟ್ಟಿ, ಒಂದೊಂದಕ್ಕೂ ತನ್ನ ಹೆಬ್ಬೆಟ್ಟು ಒತ್ತಿ, ಅವನ ಆವಿಗೆಯಲ್ಲೇ ಸುಡಿಸಿದಳು. ಹಿಂದೊಮ್ಮೆ ಕಾದ ಹಂಚು ತಾಗಿ ಆಕೆಯ ಹೆಬ್ಬೆರಳಿಗೆ ಅಡ್ಡ ಗಾಯದ ಗೆರೆ ಬಿದ್ದಿತ್ತು, ಅದೂ ಬಿಲ್ಲೆಯಲ್ಲಿ ಮೂಡಿತು. ಒಂದು ಬಿಲ್ಲೆಗೆ ಒಂದು ರೊಟ್ಟಿ. ಚಿಲ್ಲರೆಯ ಬದಲು ಬಿಲ್ಲೆ ಕೊಡತೊಡಗಿದಳು.

ತಿಂಗಳೊಪ್ಪತ್ತಿನಲ್ಲಿ ಬಿಲ್ಲೆ ಬಜಾರಕ್ಕಿಳಿಯಿತು. ವೀಳ್ಯದೆಲೆಯವಳು ತೆಗೆದುಕೊಂಡಳು, ಕ್ಷೌರಿಕ ತೆಗೆದುಕೊಂಡ. ನೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಜನ ಬಿಲ್ಲೆಯನ್ನು ನೋಡದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಆಮೇಲೆ ಅಕ್ಕನ ಹಿಟ್ಟಿನ ಡಬ್ಬಿ ಹೊತ್ತಿಗೆ ಮುಂಚೆಯೇ ಬರಿದಾಗತೊಡಗಿತು. ತಾನು ಸುಡಿಸಿದ್ದಕ್ಕಿಂತ ಹೆಚ್ಚು ಬಿಲ್ಲೆ ತಿರುಗಿ ಬರುತ್ತಿದ್ದವು! ಒಂದು ಮಧ್ಯಾಹ್ನ ಎಲ್ಲರ ಮುಂದೆಯೇ, "ಯಾವನೋ ನನ್ನ ಒಲಿ ಆರಸಾಕ ಹತ್ತ್ಯಾನ. ನಾಳಿಂದ ಹೆಬ್ಬೆಟ್ಟು ನೋಡೇ ರೊಟ್ಟಿ ಕೊಡ್ತೀನಿ" ಎಂದಳು.

ಮಾರನೆಯ ದಿನ ಆಕೆಯ ಮೇಲೆಯೇ ಫಿರ್ಯಾದಿ. ಬರೆದವನು ತಹಸೀಲ್ದಾರರ ಮುಂದೆ ಕಾಗದ ಓದುವ ನಮ್ಮ ಪೇಶ್ಕಾರ. ಹೆಬ್ಬೆಟ್ಟಿನ ಹೆಂಗಸೊಬ್ಬಳು ಸರಕಾರಕ್ಕೆ ಎದುರಾಗಿ ಟಂಕಸಾಲೆ ನಡೆಸುತ್ತಿದ್ದಾಳೆ, ಖಾನಾವಳಿಗೆ ಬೀಗ ಹಾಕಬೇಕು ಎಂದು.

ಅಕ್ಕ ಕಟಕಟೆಗೆ ಬಂದಳು. ನಾನು ನಡುವೆ ನಿಂತೆ.

ತಹಸೀಲ್ದಾರ ಸಾಹೇಬರು ಗುಡುಗಿದರು, "ಇದು ಮಣ್ಣು! ಮಣ್ಣನ್ನು ರೊಕ್ಕ ಅಂತ ಕೊಡಲು ನೀನು ಯಾರು?"

"ಸಾಹೇಬ್ರ, ನಿಮ್ಮ ನೋಟು ತಂದ್ರ ಖಜಾನ್ಯಾಗ ಏನು ಕೊಡ್ತೀರಿ?"

"ಇನ್ನೊಂದು ನೋಟು."

"ನನ್ನ ಬಿಲ್ಲಿ ತಂದ್ರ ನಾ ರೊಟ್ಟಿ ಕೊಡ್ತೀನ್ರೀ."

ಇದನ್ನು ಸಕ್ಕರೆ ಹಚ್ಚದೆ ತರ್ಜುಮೆ ಮಾಡಿದೆ. ಸಾಹೇಬರ ಮುಖ ಕೆಂಪಾಯಿತು. ದಂಡ ನಾಲ್ಕು ರೂಪಾಯಿ, ಕಾಗದದ ಖರ್ಚು ಎಂಟಾಣೆ, ಈಗಲೇ ಕಟ್ಟದಿದ್ದರೆ ಬೀಗ ಎಂದರು. ಅಕ್ಕ ಸೆರಗಿನ ಗಂಟಿನಿಂದ ಐದು ರೂಪಾಯಿ ನೋಟು ತೆಗೆದು ಖಜಾಂಚಿಗೆ ಕೊಟ್ಟಳು. ಖಜಾಂಚಿ ನಮ್ಮೂರಿನವರೇ, ವಯಸ್ಸಾದವರು, ನಾವು ಚಾಚಾ ಅನ್ನುತ್ತಿದ್ದೆವು. ಪೆಟ್ಟಿಗೆ ತೆರೆದು ನೋಡಿ ಚಾಚಾ ತಲೆ ಅಲ್ಲಾಡಿಸಿದರು. ಎಂಟಾಣೆ ಚಿಲ್ಲರೆ ಖಜಾನೆಯಲ್ಲೂ ಇಲ್ಲ!

"ಎಂಟಾಣೆ ಕೊಡದೆ ನಾ ಹೋಗಂಗಿಲ್ಲ" ಎಂದು ಅಕ್ಕ ಅಲ್ಲೇ ಕುಳಿತಳು.

ಸಾಹೇಬರಿಗೆ ಊಟದ ಹೊತ್ತು ಮೀರುತ್ತಿತ್ತು. "ಎಲ್ಲರೂ ಜೇಬು ಖಾಲಿ ಮಾಡಿ, ಇವಳನ್ನು ಕಳಿಸಿ!" ಎಂದರು. ನಾವು ಜೇಬು ಕೊಡವಿದೆವು. ಜವಾನ, ಗುಮಾಸ್ತರು, ನಾನು, ಯಾರ ಜೇಬಿನಲ್ಲೂ ಒಂದು ಕಾಸಿಲ್ಲ. ಬಿದ್ದದ್ದೆಲ್ಲ ಬಿಲ್ಲೆ. ಎಲ್ಲಕ್ಕಿಂತ ದೊಡ್ಡ ರಾಶಿ, ಹಿಂದೆ ಮುಂದೆ ನೋಡುತ್ತ ಪೇಶ್ಕಾರ ಕೊಡವಿದ ಜೇಬಿನಿಂದ ಬಿತ್ತು.

ಚಾಚಾ ಜನ್ಮವಿಡೀ ನಾಣ್ಯ ಪರೀಕ್ಷಿಸಿದವರು. ರೂಢಿಯ ಮೇಲೆ ಒಂದೊಂದೇ ಬಿಲ್ಲೆ ಎತ್ತಿ ನೋಡತೊಡಗಿದರು. ಪೇಶ್ಕಾರನ ರಾಶಿಗೆ ಬಂದಾಗ ಕೈ ನಿಂತಿತು. ಅವುಗಳ ಮೇಲೂ ಹೆಬ್ಬೆಟ್ಟು ಇತ್ತು, ಗಾಯದ ಗೆರೆ ಮಾತ್ರ ಇರಲಿಲ್ಲ.

"ಹುಜೂರ್, ಯೇ ಖೋಟಾ ಹೈ" ಎಂದುಬಿಟ್ಟರು.

ಅಕ್ಕ ಎದ್ದು ನಿಂತಳು. "ಖೋಟಾ ಅನ್ನಬೇಕಂದ್ರ ಮೊದ್ಲು ಅದು ರೊಕ್ಕ ಆಗಬೇಕಲ್ರೀ ಸಾಹೇಬ್ರ. ಈಗ ಹೇಳ್ರಿ, ನಂದು ರೊಕ್ಕೋ ಮಣ್ಣೋ? ರೊಕ್ಕ ಆದ್ರ ಖೋಟಾ ಮಾಡಿದವನ್ನ ಹಿಡೀರಿ. ಮಣ್ಣಾದ್ರ ನನ್ನ ದಂಡ ಕೊಡ್ರಿ."

ಸಾಹೇಬರು ಒಮ್ಮೆ ಆಕೆಯನ್ನು, ಒಮ್ಮೆ ಪೇಶ್ಕಾರನನ್ನು ನೋಡಿದರು. ಪೇಶ್ಕಾರ ಎರಡೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದ. ತನ್ನ ಆಳನ್ನು ಸರಕಾರ ಎಂದಾದರೂ ಹಿಡಿದಿದೆಯೇ? ಐದು ರೂಪಾಯಿ ತಿರುಗಿ ಬಂತು, ಬೀಗ ಬೀಳಲಿಲ್ಲ, ಪೇಶ್ಕಾರನಿಗೆ ಒಂದು ಬೈಗುಳವೂ ಬೀಳಲಿಲ್ಲ.

ಆದರೆ ಹೊಟ್ಟೆ ಕೇಳಬೇಕಲ್ಲ. ಕಚೇರಿಯ ಹತ್ತಿರ ಬೇರೆ ಖಾನಾವಳಿ ಇಲ್ಲ. ಕೆಲವು ದಿನ ಬಿಟ್ಟು ಪೇಶ್ಕಾರ ಏನೂ ಆಗದವನ ಹಾಗೆ ಬಂದು ಪಂಕ್ತಿಯಲ್ಲಿ ಕುಳಿತ. ಅಕ್ಕ ತಾಟಿನಲ್ಲಿ ರೊಟ್ಟಿ ಇಟ್ಟು, ಅದರ ತುಂಬ ಪುಂಡಿಪಲ್ಯ ನೀಡಿ, ಶೇಂಗಾ ಚಟ್ನಿಪುಡಿ ಹಾಕಿ, ಮೇಲೆ ಎಣ್ಣೆ ಬಿಟ್ಟಳು. ಪೇಶ್ಕಾರ ಮುರಿಯಲು ಹೋದ. ಮುರಿಯಲಿಲ್ಲ. ಎರಡೂ ಕೈಯಿಂದ ಹಿಡಿದು ಜಗ್ಗಿದ. ಪಲ್ಯ ಜಾರಿ ಅಂಗಿಯ ಮೇಲೆ ಬಿತ್ತು. ರೊಟ್ಟಿಯ ನಡುವೆ, ಗಾಯದ ಗೆರೆಯ ಸಮೇತ, ಅಕ್ಕನ ಹೆಬ್ಬೆಟ್ಟು ಎದ್ದು ಕಾಣಿಸಿತು.

"ಏನಿದು? ಸುಟ್ಟ ಮಣ್ಣು ಐತಲ್ಲ!" ಎಂದು ಕಿರುಚಿದ.

"ಹೌದ್ರೀ. ನೀವು ಕೊಟ್ಟ ಬಿಲ್ಲಿ ಎಲ್ಲಾ ಕುಟ್ಟಿ, ಹಸಿಮಣ್ಣಿನಾಗ ನಾದಿ, ನಿಮಗಂತೇ ತಟ್ಟಿ ಸುಡಿಸೀನಿ. ಹೊಟ್ಟಿ ತುಂಬ ತಿನ್ರಿ, ಚಿಲ್ಲರ ಏನೂ ಕೊಡಬ್ಯಾಡ್ರಿ."