ನಮ್ಮ ಅಕ್ಷತಳನ್ನು ಅಪರಿಚಿತಳೆಂದ ಕಂಪ್ಯೂಟರಿಗೆ

ನಮ್ಮ ನಡುಮನೆಯ ಕಂಪ್ಯೂಟರಿನೊಳಗೆ ಸುಖವಾಗಿ ವಾಸವಾಗಿರುವ ಆಪರೇಟಿಂಗ್ ಸಿಸ್ಟಮ್ ಎಂಬ ಮಾನ್ಯರೇ,

ದೊಡ್ಡಬಳ್ಳಾಪುರದ ನೇಕಾರರ ಮನೆಯ ಹಿರಿಯಳೂ, ಎಸ್‌ಎಸ್‌ಎಲ್‌ಸಿಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳೂ ಆದ ಮುನಿರತ್ನಮ್ಮ ಎಂಬ ನಾನು ತಮಗೆ ಕೈಮುಗಿದು ತಿಳಿಸುವುದೇನೆಂದರೆ, ತಮ್ಮ ಕೃಪೆಯಿಂದ ನಮ್ಮ ಮಗ್ಗ ಮೂರು ದಿನದಿಂದ ನಿಂತಿದೆ.

ಮೊಮ್ಮಗಳು ಕೀರ್ತನಳ ಧಾರೆಗೆ ಇನ್ನು ಹನ್ನೊಂದು ದಿನ. ಧಾರೆ ಸೀರೆಯನ್ನು ಮನೆಯ ಮಗ್ಗದಲ್ಲೇ, ನಮ್ಮ ಅತ್ತೆಯವರು ಬರೆದಿಟ್ಟ ಗಿಳಿಸಾಲಿನ ಅಂಚು ಹಾಕಿಯೇ ನೇಯುವುದು ನಮ್ಮ ಪದ್ಧತಿ. ಯಾವ ಎಳೆ ಎತ್ತಬೇಕೆಂದು ಮಗ್ಗಕ್ಕೆ ತೂತುಗಳಿಂದಲೇ ತಿಳಿಸುವ, ಆ ಅಂಚಿನ ರಟ್ಟಿನ ಕಾರ್ಡುಗಳನ್ನು ಇಲಿ ತಿಂದಿದೆ, ಚಿತ್ರ ಮಾತ್ರ ಉಳಿದಿದೆ. ಚಿತ್ರ ನೋಡಿ ಯಾವ ಕಾರ್ಡಿನಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಹೇಳುವ ಸಾಫ್ಟ್‌ವೇರ್ ಒಂದನ್ನು ನನ್ನ ತಂಗಿಯ ಮೊಮ್ಮಗಳು ಅಕ್ಷತ ತಾನೇ ಬರೆದು ತಂದಳು. ತಾವು ಅದನ್ನು ಹೊಸ್ತಿಲಲ್ಲೇ ತಡೆದು, ಮಾಡಿದವರು ಅಪರಿಚಿತರು, ಒಳಗೆ ಬಿಡಲಾಗದು ಎಂದಿರಿ.

ತಮ್ಮ ಎಚ್ಚರಿಕೆಯನ್ನು ಮೆಚ್ಚಿದೆ. ಗುರುತಿಲ್ಲದವರನ್ನು ನಾನೂ ಒಳಗೆ ಬಿಡುವವಳಲ್ಲ. ಆದ್ದರಿಂದ ಅಕ್ಷತಳಿಗೆ ತಲೆ ಬಾಚಿ, ಹೂ ಮುಡಿಸಿ, ತಮ್ಮ ಕ್ಯಾಮೆರಾದ ಎದುರು ಕೂರಿಸಿ, ಅವಳ ಗೋತ್ರ, ತಾತನ ಹೆಸರು, ಮನೆಯ ಗುರುತು ಎಲ್ಲವನ್ನೂ ಬಿಡಿಸಿ ಹೇಳಿ, ತಾಂಬೂಲದ ತಟ್ಟೆಯನ್ನೂ ಇಟ್ಟೆ. “ದೊಡ್ಡಜ್ಜಿ, ಅದೇನು ಗಂಡಿನ ಕಡೆಯೋರಾ, ಯಾಕಿಂಗೆ ಕೂರಿಸ್ತೀಯ” ಎಂದು ಅವಳು ನಕ್ಕಳು. “ಜಾತಕಾನೂ ಕೇಳ್ತದೇನೋ ಅತ್ತೆ, ತಂದಿಡ್ಲಾ” ಎಂದಳು ಸೊಸೆ ಮಮತ. ಇಬ್ಬರನ್ನೂ ಹೊರಗೆ ಕಳಿಸಿ ಮತ್ತೆ ಗುಂಡಿ ಒತ್ತಿದೆ. ಆಡಳಿತಗಾರರ ಅನುಮತಿ ಬೇಕು ಎಂದಿರಿ. ನಲವತ್ತೊಂದು ವರ್ಷದಿಂದ ಈ ಮನೆಯ ಆಡಳಿತ ನನ್ನದು. ಅನುಮತಿ ಕೊಟ್ಟೆ, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿಯೇ ಕೊಟ್ಟೆ. ತಮಗೆ ಮಾತ್ರ ಕೇಳಿಸಲಿಲ್ಲ.

ಅದೇ ದಿನ ಬಣ್ಣದ ಗುಳ್ಳೆ ಒಡೆಯುವ ಆಟವೊಂದು ಯಾರನ್ನೂ ಕೇಳದೆ ತಮ್ಮ ಪರದೆಯ ಮೇಲೆ ಬಂದು ಕುಳಿತಿತ್ತು. ಅದರ ಕುಲಗೋತ್ರವನ್ನು ತಾವು ವಿಚಾರಿಸಿಯೇ ಒಳಗೆ ಬಿಟ್ಟಿರುತ್ತೀರಿ, ಬಹಳ ದೊಡ್ಡ ಮನೆತನದ್ದೇ ಇರಬೇಕು.

ಆದ್ದರಿಂದ ತಾವು ಒಮ್ಮೆ ಪೆಟ್ಟಿಗೆಯಿಂದ ಇಳಿದು, ನಮ್ಮ ಬೀದಿಯಲ್ಲಿ ಯಾರನ್ನಾದರೂ ಅಕ್ಷತ ಯಾರ ಮನೆಯ ಮಗು ಎಂದು ಕೇಳಿಕೊಂಡು ಬರಬೇಕು. ಕಾಫಿ ಕೊಡದೆ ಯಾರೂ ಕಳಿಸುವುದಿಲ್ಲ. ಅಷ್ಟು ಪುರುಸೊತ್ತಿಲ್ಲದಿದ್ದರೆ, ಧಾರೆಯ ದಿನ ಮಂಟಪದ ಪಕ್ಕ ನಿಂತು, ಮನೆಯ ಸೀರೆ ಏಕಿಲ್ಲವೆಂದು ಬೀಗರಿಗೆ ತಾವೇ ವಿವರಿಸಬೇಕು. ಬೀಗರು ಹೊಸಕೋಟೆಯವರು, ಒಂದೇ ಉತ್ತರಕ್ಕೆ ಸುಮ್ಮನಾಗುವವರಲ್ಲ.

ಒಂದು ಪ್ರಶ್ನೆಯನ್ನೂ ಕೇಳದೆ ತಮ್ಮನ್ನು ಮನೆಯೊಳಗೆ ಬಿಟ್ಟುಕೊಂಡ,
ತಮ್ಮ ವಿಶ್ವಾಸಿ,
ಮುನಿರತ್ನಮ್ಮ

ವಿ.ಸೂ.: ತಮ್ಮ ಉತ್ತರಕ್ಕೆ ಕಾಯಲಿಲ್ಲ. ಚಿತ್ರವನ್ನು ಗ್ರಾಫ್ ಹಾಳೆಗೆ ಇಳಿಸಿಕೊಂಡು, ಮನೆಯ ಹೆಂಗಸರೆಲ್ಲ ಕೈಯಲ್ಲೇ ತೂತು ಹೊಡೆಯಲು ಕುಳಿತಿದ್ದೇವೆ. ಅಕ್ಷತ ಚೌಕ ಓದುತ್ತಾಳೆ, ನಾನು ಹೊಡೆಯುತ್ತೇನೆ. ಈಗ ಇನ್ನೂರ ಹದಿನಾರನೆಯ ಕಾರ್ಡು. ಇನ್ನು ಮೇಲೆ ತಮ್ಮ ಮನಸ್ಸು ಬದಲಾದರೂ ದಯವಿಟ್ಟು ಏನೂ ಹೇಳಬೇಡಿ, ಎಣಿಕೆ ತಪ್ಪುತ್ತದೆ.