ಸ್ಮಶಾನದಿಂದೆದ್ದ ಡ್ರ್ಯಾಗನ್ನೂ ಒಂದು ಬಟ್ಟಲು ಶ್ರೀಖಂಡವೂ

ಮೊಮ್ಮಗಳು ಮಹಿಮಾಳನ್ನು ಅವಳದೇ ಕಾರ್ಡಿನ ಆಟದಲ್ಲಿ ಸೋಲಿಸದೆ ನಮ್ಮ ನಡುಮನೆಯ ಚಾಪೆಯಿಂದ ಏಳುವುದಿಲ್ಲ ಎಂದು ನಾನು ಶಪಥ ಮಾಡಿದೆ. ನನ್ನ ಮಂಡಿನೋವಿಗೆ ಹೇಗೂ ಬೇಗ ಏಳಲಾಗುವುದಿಲ್ಲ. ಆದ್ದರಿಂದ ಅರ್ಧ ಶಪಥ ಕೂತಲ್ಲೇ ನೆರವೇರಿತು. ಉಳಿದರ್ಧದ ಕಥೆ ಇದು.

ಶಪಥಕ್ಕೆ ಮೂಲ ಶ್ರೀಖಂಡ. ವಡೋದರಕ್ಕೆ ಮದುವೆಯಾಗಿ ಬಂದ ದಿನ ನಮ್ಮವರು ಮೊದಲು ತಿನ್ನಿಸಿದ್ದು ಅದನ್ನೇ. ಕೇಸರಿ ಹಾಕಿದ್ದು, ಮೇಲೆ ಚಾರೋಳಿ. ನಮ್ಮವರು ಹೋದರು, ಶ್ರೀಖಂಡದ ಆಸೆ ಹೋಗಲಿಲ್ಲ. ಆಮೇಲೆ ನನಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರ್ ಜಯಂತಿಬೆನ್ ನನ್ನ ಸೊಸೆ ವೇದಾಳ ಎದುರಿಗೇ, "ಬಾ, ಇನ್ನು ಮೇಲೆ ಸಿಹಿ ತಿನ್ನುವ ಹಾಗಿಲ್ಲ" ಎಂದುಬಿಟ್ಟರು. ಇಲ್ಲಿ ಬಾ ಎಂದರೆ ಅಮ್ಮ. ಅಮ್ಮ ಎಂದು ಕರೆದು ಬಾಯಿಗೆ ಬೀಗ ಹಾಕುವುದು ಯಾವ ನ್ಯಾಯ? ಅಂದಿನಿಂದ ನಮ್ಮ ಫ್ರಿಜ್ಜಿನಲ್ಲಿ ಶ್ರೀಖಂಡದ ಡಬ್ಬಿ ಬಟಾಣಿ ಚೀಲದ ಹಿಂದೆ ಅಜ್ಞಾತವಾಸದಲ್ಲಿದೆ.

ಒಂದು ರಜೆಯ ದಿನ ಮಹಿಮಾ ನೆಲದ ತುಂಬ ಕಾರ್ಡು ಹರಡಿಕೊಂಡಿದ್ದಳು. ಒಂದರಲ್ಲಿ ಮಂತ್ರವಾದಿ, ಒಂದರಲ್ಲಿ ರಾಕ್ಷಸ, ಒಂದರಲ್ಲಿ ಬೆಂಕಿ ಕಾರುವ ಡ್ರ್ಯಾಗನ್. ಪ್ರತಿಯೊಂದರ ಹೊಟ್ಟೆಯ ಮೇಲೂ ಇರುವೆ ಸಾಲಿನಂಥ ಇಂಗ್ಲಿಷು.

"ಇದರಲ್ಲಿ ಎಂಥ ಕಷ್ಟ ಉಂಟು?" ಎಂದೆ.

ವೇದಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ನಕ್ಕಳು. "ಅತ್ತೆ, ಅದು ನಿಮಗೆ ಆಗುವಂಥದ್ದಲ್ಲ. ಬಿ.ಕಾಂ. ಮಾಡಿದ ನಿಮ್ಮ ಮಗನೇ ತಲೆ ತಿರುಗಿ ನಮ್ಮ ಹೋಟೆಲಿಗೆ ಓಡಿದ್ದಾರೆ."

"ಗೆದ್ದರೆ?"

"ಗೆದ್ದರೆ ಒಂದು ಬಟ್ಟಲು ಶ್ರೀಖಂಡ ತಿನ್ನಬಹುದು."

"ಮಾತಿಗೆ ತಪ್ಪಬಾರದು ಮತ್ತೆ."

"ತಪ್ಪುವುದಿಲ್ಲ ಮಾರಾಯ್ರೆ."

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಹೊರಗೆ ಹೋಗುವುದಿಲ್ಲ. ಮಹಿಮಾ ಒಂದೊಂದು ಕಾರ್ಡನ್ನೂ ಓದಿ ಹೇಳಿದಳು, ನಾನು ಚಿತ್ರ ನೋಡಿ ಬಾಯಿಪಾಠ ಮಾಡಿದೆ. ಇಬ್ಬರ ಮುಂದೂ ಒಂದೊಂದು ಕಟ್ಟು. ಕಾರ್ಡು ಇಳಿಸಬೇಕು, ಎದುರಾಳಿಯನ್ನು ಹೊಡೆಯಬೇಕು. ಸತ್ತ ಕಾರ್ಡು ಪಕ್ಕದ ರಾಶಿಗೆ ಹೋಗುತ್ತದೆ. ಆ ರಾಶಿಗೆ ಹೆಸರು ಸ್ಮಶಾನ. ಸಂಜೆಯ ಹೊತ್ತು, ದೀಪ ಹಚ್ಚಿದ ಮನೆ, ನಟ್ಟನಡುವೆ ಸ್ಮಶಾನ. ಶ್ರೀಖಂಡ ನೆನೆಸಿಕೊಂಡು ಸಹಿಸಿದೆ.

"ಅಜ್ಜಿ, ಮೇನ್ ರೂಲ್ ಸುನೋ. ಪುಸ್ತಕ ಒಂದು ಹೇಳಿ ಕಾರ್ಡ್ ಬೇರೆ ಹೇಳಿದ್ರೆ, ಕಾರ್ಡ್ ಜೀತ್ತಾ ಹೈ."

"ಗೊತ್ತುಂಟು, ಕಾರ್ಡೇ ಗೆಲ್ಲುವುದು. ಹತ್ತಿ ಸೀರೆ ಮೈಲಿಗೆ ಆದ ಕಡೆ ರೇಷ್ಮೆ ಸೀರೆ ನಡೀತದೆ. ಅದೇ ಅಲ್ವಾ?"

ಮಹಿಮಾ ಕಣ್ಣು ಪಿಳಿಪಿಳಿ ಮಾಡಿದಳು. ಪಾಪ, ವಡೋದರದ ಹುಡುಗಿ. ಅವಳಿಗೇನು ಗೊತ್ತು, ಮುಸುರೆ ಮಡಿಗಳ ನಡುವೆ ಬೆಳೆದ ನನಗೆ ಇಂಥ ಕಾಯಿದೆ ಕಾನೂನುಗಳು ನೀರು ಕುಡಿದ ಹಾಗೆ ಎಂದು. ಉಡುಪಿ ಕಡೆಯ ನಮ್ಮತ್ತೆಯ ಅಡುಗೆಮನೆಯಲ್ಲಿ ಪಾಸಾದವಳು ಯಾವ ಮಂತ್ರವಾದಿಗೂ ಹೆದರಬೇಕಾಗಿಲ್ಲ.

ಅನಾಹುತವಾದದ್ದು ಈ ಹೆಮ್ಮೆಯಿಂದಲೇ. ಎರಡನೆಯ ಆಟದಲ್ಲಿ ಮಹಿಮಾ ಒಂದು ಮಂತ್ರದ ಕಾರ್ಡು ಹಾಕಿ, ಸತ್ತ ಡ್ರ್ಯಾಗನ್ನನ್ನು ಸ್ಮಶಾನದಿಂದ ಎತ್ತಿ ಸೀದಾ ಚಾಪೆಯ ಮೇಲೆ ಇಟ್ಟಳು.

"ಎಲ್ಲಿಂದ ಬಂತು ಇದು?"

"ಗ್ರೇವ್‌ಯಾರ್ಡ್."

"ಸ್ನಾನ?"

"ಕಿಸ್ಕಾ ಸ್ನಾನ, ಅಜ್ಜಿ?"

ಅಷ್ಟರಲ್ಲಿ ಅವಳ ಗೆಳತಿಯ ಫೋನು ಬಂತು. ಮಹಿಮಾ ಬಾಲ್ಕನಿಗೆ ಹೋದಳು. ಸ್ಮಶಾನಕ್ಕೆ ಹೋಗಿ ಬಂದದ್ದು ನನ್ನ ಸೈನಿಕರ ಪಕ್ಕದಲ್ಲಿ ಹಾಗೇ ಕೂತಿದೆ. ನನ್ನ ಕೈ ಸುಮ್ಮನಿರಲಿಲ್ಲ. ಲೋಟದ ನೀರು ತೆಗೆದು ಡ್ರ್ಯಾಗನ್ನಿಗೆ ಮೂರು ಹನಿ ಪ್ರೋಕ್ಷಣೆ ಮಾಡಿದೆ. ನೀರು ಜಾರಿ ಹೋಯಿತು. ನೋಡಿದರೆ ಅದಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ರೈನ್‌ಕೋಟು ಹಾಕಿಕೊಂಡು ಮಾಡಿದ್ದು ಸ್ನಾನವಾಗುತ್ತದೆಯೇ? ಹೊದಿಕೆ ಬಿಚ್ಚಿ ಸರಿಯಾಗಿಯೇ ಮೀಯಿಸಿದೆ.

ಡ್ರ್ಯಾಗನ್ನಿನ ಹೊಟ್ಟೆ ಉಬ್ಬಿತು. ಒಣಗಲಿ ಎಂದು, ಶಪಥಕ್ಕೆ ಒಂದು ಗಳಿಗೆ ರಜೆ ಕೊಟ್ಟು, ಅಡುಗೆಮನೆಗೆ ಹೋಗಿ ಕಾವಲಿಯ ಬಿಸಿ ಆರಿದೆಯೋ ಇಲ್ಲವೋ ನೋಡದೆ ಅದರ ಮೇಲಿಟ್ಟೆ. ಆರಿರಲಿಲ್ಲ. ನಮ್ಮ ಹೋಟೆಲಿನಲ್ಲಿ ನಮ್ಮವರು ಹೊಯ್ಯುತ್ತಿದ್ದ ಪೇಪರ್ ದೋಸೆ ಕೂಡ ಅಷ್ಟು ಚಂದ ಸುರುಳಿ ಸುತ್ತಿಕೊಳ್ಳುತ್ತಿರಲಿಲ್ಲ. ಬಿಡಿಸಲು ಹೋದರೆ ಒಂದು ರೆಕ್ಕೆಯ ಬಣ್ಣ ಕಾವಲಿಗೇ ಉಳಿಯಿತು.

ಮಹಿಮಾ ಬಂದು ನೋಡಿದಳು. ಅತ್ತಿದ್ದರೂ ವಾಸಿಯಿತ್ತು. "ಮಮ್ಮಾ" ಎಂದು ಮೆಲ್ಲಗೆ ಕರೆದಳು.

ವೇದಾ ಕಾವಲಿ ನೋಡಿದಳು, ಡ್ರ್ಯಾಗನ್ ನೋಡಿದಳು, ನನ್ನನ್ನು ನೋಡಿದಳು. "ಚಟ್ನಿ ಕೊಡಲಾ ಅತ್ತೆ?"

"ತಪ್ಪಾಯ್ತು ಮಾರಾಯ್ತಿ. ಅದು ಎದ್ದು ಬರಬಾರದಿತ್ತು."

"ಆಡುವುದು ನಿಲ್ಲಿಸ್ತೀರಾ?"

"ಶ್ರೀಖಂಡ?"

"ಅದೂ ನಿಲ್ತದೆ."

ನಾನು ನಿಲ್ಲಿಸಲಿಲ್ಲ. ಮಹಿಮಾ ಡ್ರ್ಯಾಗನ್ನನ್ನು ಇಸ್ತ್ರಿ ಮಾಡಿದ ಬಟ್ಟೆಗಳ ಅಡಿಯಲ್ಲಿಟ್ಟು ಸ್ವಲ್ಪ ನೇರ ಮಾಡಿದಳು, ಮತ್ತೆ ಪ್ಲಾಸ್ಟಿಕ್ ತೊಡಿಸಿದಳು, ನನ್ನ ಕೈಗೆ ಸಿಗದಂತೆ ಲೋಟವನ್ನು ದೂರ ಸರಿಸಿದಳು. ಆಮೇಲೆ ಕರುಣೆಯಿಲ್ಲದೆ ಆಡಿದಳು. ಸೋತೆ, ಮತ್ತೆ ಸೋತೆ. ಮಗ ಹರೀಶ ಹೋಟೆಲಿನಿಂದ ಫೋನು ಮಾಡಿದಾಗಲೆಲ್ಲ "ಅಮ್ಮ ಇನ್ನೂ ಕೂತಿದ್ದಾರಾ?" ಎಂದು ಕೇಳುತ್ತಿದ್ದನಂತೆ.

ಭಾನುವಾರ ಕೊನೆಯ ಆಟ. ನನ್ನ ಕಡೆ ಪುಡಿ ಸೈನಿಕರು ಇಬ್ಬರು ಮತ್ತು ಬೂದಿ ಮುದುಕಿ. ಇವಳು ಕೋಲೂರಿ ಕೂತಿರುವ, ಯಾರನ್ನೂ ಹೊಡೆಯದ ಕಾರ್ಡು. ಎಲ್ಲರೂ ಎಸೆಯುವ ಕಾರ್ಡಂತೆ. ನನಗೆ ಮಾತ್ರ ಅವಳ ಮುಖ ಹಿಡಿಸಿತ್ತು. ಆಟದಲ್ಲಿ ಮಹಿಮಾಳ ಪ್ರಾಣ ತುದಿಯಲ್ಲಿದೆ, ಇನ್ನೊಂದು ಏಟು ಬಿದ್ದರೆ ಸೋಲು; ಅವಳ ಡ್ರ್ಯಾಗನ್ ಸತ್ತಿದೆ. ಅವಳು ಕೊನೆಯ ಮಂತ್ರದ ಕಾರ್ಡನ್ನು ಚಾಪೆಗೆ ಬಡಿದಳು.

"ಸ್ಮಶಾನದಿಂದ ಒಂದು ಪ್ರಾಣಿಯನ್ನು ಎಬ್ಬಿಸಬಹುದು. ಡ್ರ್ಯಾಗನ್ ವಾಪಸ್. ಅಜ್ಜಿ, ಬೈ ಬೈ."

"ನಿಲ್ಲು. ನನ್ನ ಮುದುಕಿ ಎಂಥ ಹೇಳ್ತಾಳೆ, ಓದು."

ಮಹಿಮಾ ಓದಿದಳು. "ಇವಳು ಕೂತಿರುವಷ್ಟು ಹೊತ್ತು ಯಾರೂ ಸ್ಮಶಾನದಿಂದ ಎದ್ದು ಬರುವಂತಿಲ್ಲ. ಲೇಕಿನ್ ಅಜ್ಜಿ, ನನ್ನ ಕಾರ್ಡ್ 'ಎಬ್ಬಿಸಬಹುದು' ಅಂತದೆ. ಕಾರ್ಡ್ ಜೀತ್ತಾ ಹೈ, ಅಲ್ವಾ?"

"ಎರಡೂ ಕಾರ್ಡೇ. ಒಂದು ಬಹುದು ಅಂತದೆ, ಒಂದು ಬಾರದು ಅಂತದೆ. ನಾನು ಹೊಸ ಸೊಸೆಯಾಗಿದ್ದಾಗ ನಮ್ಮತ್ತೆ 'ಉಪ್ಪಿನಕಾಯಿ ಭರಣಿ ಮುಟ್ಟಬಹುದು' ಅಂದ್ರು. ಅವರ ತಂಗಿ 'ಮುಟ್ಟಬಾರದು' ಅಂದ್ರು. ಆ ಮಳೆಗಾಲ ಪೂರ್ತಿ ನಾನು ಉಪ್ಪಿನಕಾಯಿ ಮುಟ್ಟಲಿಲ್ಲ. ಬಹುದು, ಬಾರದು ಎದುರೆದುರು ನಿಂತರೆ ಗೆಲ್ಲುವುದು ಬಾರದು. ಫೋನಿನಲ್ಲಿ ನೋಡು ಬೇಕಾದರೆ."

ಮಹಿಮಾ ಫೋನಿನಲ್ಲಿ ಆಟದ ನಿಯಮ ಹುಡುಕಿದಳು. ಓದಿದಳು. ಮತ್ತೊಮ್ಮೆ ಓದಿದಳು. ಅವಳ ಮುಖ ನಾನು ಕಾವಲಿಗೆ ಹಾಕಿದ ಡ್ರ್ಯಾಗನ್ನಿನ ಹಾಗೆ ಸುರುಳಿಯಾಯಿತು.

"ಸೇಮ್ ಟು ಸೇಮ್ ಬರೆದಿದ್ದಾರೆ, ಅಜ್ಜಿ."

ನನ್ನ ಪುಡಿ ಸೈನಿಕರು ನಡೆದು ಹೋಗಿ ಆಟ ಮುಗಿಸಿದರು. ದೂರದೇಶದಲ್ಲಿ ಕೂತು ಆ ಕಾನೂನು ಬರೆದವರಿಗೂ ನಮ್ಮತ್ತೆಯಂಥ ಒಬ್ಬ ಅತ್ತೆ ಇದ್ದಿರಬೇಕು.

ಅಂದು ಸಂಜೆವರೆಗೆ ನನ್ನನ್ನು ಹಿಡಿಯುವವರಿಲ್ಲ. ಹರೀಶನಿಗೆ ಫೋನಿನಲ್ಲಿ ಕಾನೂನು ವಿವರಿಸಿದೆ. ಪಕ್ಕದ ಮನೆಯ ನಳಿನಿಬೆನ್‌ಗೆ ನನ್ನ ಹರುಕು ಗುಜರಾತಿಯಲ್ಲಿ ವಿವರಿಸಿದೆ. ವೇದಾಳಿಗಂತೂ ಅವಳು ಚಪಾತಿ ಲಟ್ಟಿಸುವಾಗ ಒಮ್ಮೆ, ಬೇಯಿಸುವಾಗ ಒಮ್ಮೆ.

"ಬಾರದು ಅನ್ನುವುದೇ ಗೆಲ್ಲುವುದು, ಅಲ್ವಾ ಅತ್ತೆ?" ಎಂದು ಅವಳು ಬಹಳ ವಿನಯದಿಂದ ಕೇಳಿದಳು.

"ಯಾವಾಗಲೂ."

"ಯಾರು ಹೇಳಿದರೂ?"

"ಬ್ರಹ್ಮನೇ 'ಬಹುದು' ಎಂದರೂ."

ಊಟ ಮುಗಿಯಿತು. ಬಟಾಣಿ ಚೀಲ ಸರಿಯಿತು, ಡಬ್ಬಿ ಹೊರಬಂತು. ವೇದಾ ಬೆಳ್ಳಿ ಬಟ್ಟಲಿನ ತುಂಬ ಶ್ರೀಖಂಡ ಹಾಕಿದಳು. ಕೇಸರಿಯ ಪರಿಮಳ. ನಾನು ಕೈ ಚಾಚಿದೆ. ಬಟ್ಟಲು ನನ್ನ ಕೈ ದಾಟಿ ಮಹಿಮಾಳ ಮುಂದೆ ಹೋಗಿ ಕೂತಿತು.

"ವೇದಾ, ಗೆದ್ದದ್ದು ನಾನು."

"ಹೌದು ಅತ್ತೆ. ಗೆದ್ದರೆ ತಿನ್ನಬಹುದು ಅಂತ ಹೇಳಿದ್ದೂ ನಾನೇ. ಆದರೆ ಜಯಂತಿಬೆನ್ ತಿನ್ನಬಾರದು ಅಂದಿದ್ದಾರೆ. ಈಗ ಎರಡೂ ಎದುರೆದುರು ನಿಂತಿವೆ. ಯಾವುದು ಗೆಲ್ತದೆ, ನೀವೇ ಹೇಳಿ."

ತೀರ್ಪು ನನ್ನದೇ. ಬ್ರಹ್ಮನನ್ನೂ ನಾನೇ ಎಳೆದು ತಂದಿದ್ದೆ.

ಮಹಿಮಾ ಚಮಚ ನೆಕ್ಕಿ, ಬಟ್ಟಲು ಬಳಿದು, ಸಿಂಕಿಗೆ ಹಾಕಿ ಬಂದಳು. ನಾನು ಮೆಲ್ಲಗೆ, "ನಾಳೆಗಾದರೂ ಒಂದು ಬಟ್ಟಲು ಬರಬಹುದಾ ಮಗಾ?" ಎಂದು ಕೇಳಿದೆ.

"ಅದು ಸ್ಮಶಾನಕ್ಕೆ ಹೋಯ್ತು, ಅಜ್ಜಿ" ಎಂದಳು ಅವಳು, ನನ್ನ ಮಂಡಿಗೆ ಎಣ್ಣೆ ಹಚ್ಚುತ್ತಾ. "ಎದ್ದು ಬರುವಂತಿಲ್ಲ. ಮುದುಕಿ ಇನ್ನೂ ಇಲ್ಲೇ ಕೂತಿದ್ದಾಳೆ."